ಕ್ರೀಡಾ ಪ್ರಸಾರದ ಚಂದಾ ಮತ್ತು ಸ್ಪರ್ಧಾ ಕಾನೂನು: ‘ಸಂಡೇ ಟಿಕೆಟ್’ ಮೊಕದ್ದಮೆ

ಮಾರುವವರು ಹಲವರಿದ್ದರೆ ಬೆಲೆ ಹತೋಟಿಯಲ್ಲಿರುತ್ತದೆ. ಅವರೆಲ್ಲರೂ ಒಂದುಗೂಡಿ ಒಬ್ಬನ ಮೂಲಕವೇ ಮಾರತೊಡಗಿದರೆ ಕೊಳ್ಳುವವನಿಗೆ ಆಯ್ಕೆ ಉಳಿಯದು. ಇಂಥ ಕೂಟಗಳನ್ನು ತಡೆಯಲು ಅಮೆರಿಕವು 1890ರಲ್ಲಿ ಷರ್ಮನ್ ಕಾಯಿದೆಯನ್ನು ರೂಪಿಸಿತು. ಕ್ರೀಡಾ ಪ್ರಸಾರಕ್ಕೆ ಅದು ಅನ್ವಯವಾಗುವ ಬಗೆಯನ್ನು ‘ಸಂಡೇ ಟಿಕೆಟ್’ ಮೊಕದ್ದಮೆಯು ತೋರಿಸುತ್ತದೆ.

ಹಿನ್ನೆಲೆ

ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗಿನಲ್ಲಿ 32 ತಂಡಗಳಿವೆ. ಭಾನುವಾರ ಮಧ್ಯಾಹ್ನ ಆಯಾ ಪ್ರದೇಶದಲ್ಲಿ ಕೆಲವೇ ಪಂದ್ಯಗಳು ಉಚಿತ ವಾಹಿನಿಗಳಲ್ಲಿ ಪ್ರಸಾರವಾಗುತ್ತವೆ. ಉಳಿದ ಪಂದ್ಯಗಳಿಗಾಗಿ ‘ಸಂಡೇ ಟಿಕೆಟ್’ ಎಂಬ ಚಂದಾ ಕೊಳ್ಳಬೇಕು. 1994ರಿಂದ ಬಹುಕಾಲ ಇದನ್ನು ಡೈರೆಕ್‌ಟಿವಿ ಎಂಬ ಉಪಗ್ರಹ ಸಂಸ್ಥೆಯೊಂದೇ ಮನೆಗಳಿಗೆ ಮಾರಿತು. 2023ರಲ್ಲಿ ಅದು ಯೂಟ್ಯೂಬ್‌ಗೆ ಹೋಯಿತು. ಒಂದೇ ತಂಡದ ಅಭಿಮಾನಿಯೂ ಇಡೀ ಕಟ್ಟಿಗೆ ಹಣ ತೆರಬೇಕಾಗಿತ್ತು.

ವಾದ

ತಂಡಗಳು ಪ್ರಸಾರದ ಹಕ್ಕುಗಳನ್ನು ಒಟ್ಟಾಗಿ ಮಾರಲು 1961ರ ಕ್ರೀಡಾ ಪ್ರಸಾರ ಕಾಯಿದೆ ವಿನಾಯಿತಿ ನೀಡಿದೆ. ಆದರೆ ಆ ವಿನಾಯಿತಿ ಉಚಿತ ಪ್ರಸಾರಕ್ಕೆ ಸೀಮಿತವೆಂದೂ, ಹಣ ತೆತ್ತು ನೋಡುವ ಚಂದಾಕ್ಕೆ ಸಲ್ಲದೆಂದೂ ಚಂದಾದಾರರು 2015ರಲ್ಲಿ ನ್ಯಾಯಾಲಯಕ್ಕೆ ಹೋದರು. ಮೊದಲು ವಜಾಗೊಂಡ ದಾವೆಗೆ 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುಜೀವ ನೀಡಿತು. 24 ಲಕ್ಷಕ್ಕೂ ಹೆಚ್ಚು ಮನೆಗಳ ಚಂದಾದಾರರೂ 48,000ಕ್ಕೂ ಹೆಚ್ಚು ವಾಣಿಜ್ಯ ಸಂಸ್ಥೆಗಳೂ ಇದರಲ್ಲಿ ಸೇರಿದ್ದರು.

ತೀರ್ಪು

2024ರ ಜೂನ್ 27ರಂದು ಲಾಸ್ ಏಂಜಲಿಸ್‌ನ ಜ್ಯೂರಿಯು ಸುಮಾರು 470 ಕೋಟಿ ಡಾಲರ್ ಪರಿಹಾರ ವಿಧಿಸಿತು. ಇಂಥ ಪರಿಹಾರ ಕಾನೂನಿನಂತೆ ಮೂರು ಪಟ್ಟಾಗುವುದರಿಂದ ಮೊತ್ತವು 1,400 ಕೋಟಿ ಡಾಲರನ್ನು ಮೀರುತ್ತಿತ್ತು. ಆದರೆ ಆಗಸ್ಟ್ 1ರಂದು ನ್ಯಾಯಾಧೀಶ ಫಿಲಿಪ್ ಗುಟಿಯರೆಜ್ ತೀರ್ಪನ್ನು ರದ್ದುಗೊಳಿಸಿದರು. ಪರಿಹಾರದ ಲೆಕ್ಕಕ್ಕೆ ಆಧಾರವಾದ ಇಬ್ಬರು ತಜ್ಞರ ಸಾಕ್ಷ್ಯದ ವಿಧಾನವೇ ದೋಷಪೂರ್ಣವೆಂದು ಅವರು ಕಂಡುಕೊಂಡರು. ಚಂದಾದಾರರು ಮೇಲ್ಮನವಿ ಸಲ್ಲಿಸಿದರು. ಸ್ಪರ್ಧೆಗೆ ಧಕ್ಕೆಯಾಯಿತೆಂದರೆ ಸಾಲದು, ಸ್ಪರ್ಧೆಯಿದ್ದಿದ್ದರೆ ಬೆಲೆ ಎಷ್ಟಿರುತ್ತಿತ್ತೆಂದು ಲೆಕ್ಕದಿಂದ ತೋರಿಸಬೇಕು ಎಂಬುದೇ ಇಲ್ಲಿನ ಪಾಠ.

ಭಾರತದಲ್ಲಿ

ನಮ್ಮಲ್ಲಿ ಇಂಥ ದೂರುಗಳನ್ನು 2002ರ ಸ್ಪರ್ಧಾ ಕಾಯಿದೆಯಡಿ ಭಾರತೀಯ ಸ್ಪರ್ಧಾ ಆಯೋಗ ವಿಚಾರಿಸುತ್ತದೆ. ಐಪಿಎಲ್‌ಗೆ ಪ್ರತಿಸ್ಪರ್ಧಿಯಾಗುವ ಲೀಗಿಗೆ ಮಾನ್ಯತೆ ನೀಡುವುದಿಲ್ಲವೆಂದು ಪ್ರಸಾರ ಒಪ್ಪಂದದಲ್ಲಿ ಭರವಸೆ ಕೊಟ್ಟದ್ದಕ್ಕಾಗಿ 2013ರಲ್ಲಿ ಬಿಸಿಸಿಐಗೆ 52.24 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. ಮೇಲ್ಮನವಿ ಮಂಡಳಿ ಅದನ್ನು ತಳ್ಳಿಹಾಕಿದ ಬಳಿಕ, 2017ರಲ್ಲಿ ಆಯೋಗ ಅದೇ ಮೊತ್ತವನ್ನು ಮತ್ತೆ ವಿಧಿಸಿತು.

ಕೇಬಲ್ ಮತ್ತು ಡಿಟಿಎಚ್ ಚಂದಾದಾರರು ಪ್ಯಾಕನ್ನೇ ಕೊಳ್ಳಬೇಕೆಂದಿಲ್ಲ; ವಾಹಿನಿಗಳನ್ನು ಬಿಡಿಯಾಗಿ ಆರಿಸುವ ಹಕ್ಕನ್ನು ಟ್ರಾಯ್ ನಿಯಮಗಳು ನೀಡಿವೆ. ಗಡಿಯಾಚೆಯ ಕನ್ನಡ ಮನೆಗಳಿಗೆ ಇದು ಮುಖ್ಯ. ಆಯಾ ರಾಜ್ಯದ ಪ್ಯಾಕಿನಲ್ಲಿ ಕನ್ನಡ ವಾಹಿನಿ ಇಲ್ಲದಿದ್ದರೂ, ವಿತರಕರ ಜಾಲದಲ್ಲಿ ಅದು ಲಭ್ಯವಿದ್ದರೆ ಬಿಡಿಯಾಗಿ ಕೇಳಿ ಪಡೆಯಬಹುದು.