ಮಾರ್ಚ್ 20 ಗೊತ್ತು, ಮಾರ್ಚ್ 17 ಗೊತ್ತಾ?



ಮಾರ್ಚ್ ಬಂತು. ಇನ್ನು ನಮ್ಮ ವಾಟ್ಸಾಪ್ ಗ್ರೂಪುಗಳ ತುಂಬ ಚವದಾರ್ ಕೆರೆಯ ಚಿತ್ರ, ಬಾಬಾಸಾಹೇಬರು ಬೊಗಸೆಯಲ್ಲಿ ನೀರು ಎತ್ತಿಕೊಂಡು ನಿಂತಿರೋ ಚಿತ್ರ. ನಾನೂ ಹಾಕ್ತೀನಿ, ಹಾಕಲೇಬೇಕು. ಆದರೆ ಹೋದ ತಿಂಗಳು ಹಾಸ್ಟೆಲ್ ಮಕ್ಕಳಿಗೆ ಕಾನೂನು ತರಗತಿ ತಗೊಳ್ಳುವಾಗ ಒಂದು ಪ್ರಶ್ನೆ ಕೇಳಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಕೆರೆ ನೀರು ಮುಟ್ಟಿದರಲ್ಲ, ಆಮೇಲೆ ಆ ಕೆರೆ ಏನಾಯ್ತು? ಇಡೀ ಹಾಲ್ ಸುಮ್ಮನಾಯಿತು. ಕೊನೆಗೆ ಹಿಂದಿನ ಸಾಲಿಂದ ಒಬ್ಬ ಹುಡುಗ, "ಅವತ್ತಿಂದ ನಮ್ಮವರಿಗೆ ನೀರು ಸಿಕ್ತು ಅಣ್ಣ" ಅಂದ.

ಸಿಗಲಿಲ್ಲ ತಮ್ಮ. ಆ ನೀರು ನಮ್ಮದೂ ಹೌದು ಅಂತ ಹೈಕೋರ್ಟ್ ಹೇಳಿದ್ದು 1937ರ ಮಾರ್ಚ್ 17ಕ್ಕೆ. ಮೂರು ದಿನ ಕಮ್ಮಿ ಹತ್ತು ವರ್ಷ. ಆ ತಾರೀಕಿನ ಬಗ್ಗೆ ನಾನು ಒಂದೇ ಒಂದು ಪೋಸ್ಟರ್ ನೋಡಿಲ್ಲ.

ಕತೆ ಶುರುವಾಗೋದು ಕೆರೆಯಿಂದಲ್ಲ, ಒಂದು ಕಾಗದದಿಂದ. 1923ರ ಆಗಸ್ಟಿನಲ್ಲಿ ಬಾಂಬೆ ಶಾಸಕಾಂಗ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಒಂದು ಠರಾವು ತಂದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಯುವ ಬಾವಿ, ಕೆರೆ, ಧರ್ಮಶಾಲೆಗಳು, ಸರ್ಕಾರಿ ಶಾಲೆ, ಕೋರ್ಟು, ದವಾಖಾನೆ ಎಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಅದನ್ನು ಹಿಡಿದು 1924ರ ಜನವರಿಯಲ್ಲಿ ಮಹಾಡ್ ಪುರಸಭೆಯೂ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಕಾಗದದಲ್ಲಿ ಮುಕ್ತ, ಕೆರೆಯಲ್ಲಿ ಇಲ್ಲ. ಮೂರು ವರ್ಷ ಯಾರೂ ಇಳಿಯಲಿಲ್ಲ, ಇಳಿಯಲು ಬಿಡಲಿಲ್ಲ. ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರಕೊಂಡು ಹೋಗಿದ್ದು ಆ ಠರಾವನ್ನು ಜಾರಿ ಮಾಡೋಕೆ. ಅಂದರೆ ಕಾನೂನು ಮುರಿಯೋಕೆ ಹೋದವರು ಅವರಲ್ಲ. ಇದನ್ನು ನಮ್ಮ ಹುಡುಗರು ಮೊದಲು ತಿಳ್ಕೋಬೇಕು. ಕಾನೂನು ಮುರಿದವರು ಆಮೇಲೆ ಬಂದರು, ದೊಣ್ಣೆ ಹಿಡಿದು. ದೇವಸ್ಥಾನಕ್ಕೂ ನುಗ್ತಾರಂತೆ ಅಂತ ಸುಳ್ಳು ಸುದ್ದಿ ಹಬ್ಬಿಸಿ, ಊಟಕ್ಕೆ ಕೂತಿದ್ದವರನ್ನು ಹೊಡೆದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ನೂರೆಂಟು ಮಡಕೆ ಕೆರೆಗೆ ಸುರಿದು ಶುದ್ಧಿ ಮಾಡಿಕೊಂಡರು. (ಗಂಜಲ ಬಿದ್ದ ನೀರು ಶುದ್ಧವಂತೆ, ನಮ್ಮ ಕೈ ಬಿದ್ದ ನೀರು ಮೈಲಿಗೆಯಂತೆ!) ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸ್ ತಗೊಂಡಿತು.

ಡಿಸೆಂಬರ್ 25ಕ್ಕೆ ಮತ್ತೆ ಸಮ್ಮೇಳನ ಅಂತ ನಿಗದಿಯಾಯಿತು. ಜಾಗ ಕೊಡೋಕೆ ಒಬ್ಬ ಸವರ್ಣೀಯನೂ ಮುಂದೆ ಬರಲಿಲ್ಲ, ಜಾಗ ಕೊಟ್ಟವರು ಫತ್ತೇಖಾನ್ ಅನ್ನೋ ಮುಸ್ಲಿಂ. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ. ಅಷ್ಟರಲ್ಲಿ ಎದುರಿನವರು ಜಾಣತನ ಮಾಡಿದರು. ಡಿಸೆಂಬರ್ 12ಕ್ಕೆ ಸಿವಿಲ್ ಕೋರ್ಟಿಗೆ ದಾವೆ ಹಾಕಿದರು. ಇದು ಸಾರ್ವಜನಿಕ ಕೆರೆ ಅಲ್ಲ, ನಮ್ಮ ಚೌಧರಿ ಕೆರೆ, ಅನಾದಿ ಕಾಲದಿಂದ ಅಸ್ಪೃಶ್ಯರು ಇಲ್ಲಿ ನೀರು ಮುಟ್ಟಿಲ್ಲ ಅಂತ. 14ಕ್ಕೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿಬಿಟ್ಟಿತು. ಪ್ರತಿವಾದಿಗಳಲ್ಲಿ ಮೊದಲ ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್.

ಸಾವಿರಾರು ಜನ ಸೇರಿದ್ದರು, ಜೈಲಿಗೆ ಹೋಗೋಕೂ ತಯಾರಾಗಿದ್ದರು. ಮನುಸ್ಮೃತಿ ಸುಟ್ಟಿದ್ದು ಆ ಸಮ್ಮೇಳನದಲ್ಲೇ, ಅದು ಎಲ್ಲರಿಗೂ ಗೊತ್ತು. ಆದರೆ ಕೆರೆ ವಿಷಯ? ಬಾಬಾಸಾಹೇಬರು ಜನರನ್ನು ಒಪ್ಪಿಸಿ ಸತ್ಯಾಗ್ರಹ ಮುಂದೂಡಿದರು. ಕೆರೆ ಸುತ್ತ ಮೆರವಣಿಗೆ ಹೋಯಿತು, ನೀರು ಮುಟ್ಟಲಿಲ್ಲ.

ಇದನ್ನು ಹೇಳಿದ ಕೂಡಲೇ ತರಗತಿಯಲ್ಲಿ ಒಬ್ಬಳು ಎದ್ದು ನಿಂತಳು. "ಹಾಗಾದ್ರೆ ಕೋರ್ಟಿಗೆ ಹೆದರಿದ್ರಾ ಅಣ್ಣ?" ಒಳ್ಳೆ ಪ್ರಶ್ನೆ. ಆ ನಿರ್ಧಾರ ಸರಿಯಾ ಅಂತ ಇವತ್ತಿಗೂ ಕೇಳುವವರಿದ್ದಾರೆ, ಕೇಳಲಿ. ನನಗೆ ಅನ್ನಿಸೋದು ಇಷ್ಟು. ಅವರು 1923ರಿಂದ ಬಾಂಬೆಯಲ್ಲಿ ವಕೀಲಿಕೆ ಮಾಡ್ತಿದ್ದವರು. ಎದುರಿನವರು ಹಾಕಿದ ದಾವೆಯಲ್ಲೇ ಅವರ ಸೋಲು ಅಡಗಿದೆ ಅನ್ನೋದು ಅವರಿಗೆ ಕಂಡಿತ್ತು. ಕೆರೆ ನಮ್ಮದು ಅಂತ ಕೋರ್ಟಿಗೆ ಹೋದವನು ಅದು ನನ್ನದು ಅಂತ ಸಾಬೀತು ಮಾಡಬೇಕು. ಅನಾದಿ ಕಾಲದ ಪದ್ಧತಿ ಅಂದವನು ಆ ಅನಾದಿಯನ್ನು ತೋರಿಸಬೇಕು. ಸಾಕ್ಷಿಯ ಭಾರ ಅವನ ಹೆಗಲಿಗೆ ಬಿತ್ತು.

ಆಮೇಲೆ ನಡೆದಿದ್ದು ಯಾವ ಪೋಸ್ಟರಿಗೂ ಹೊಂದದ ಕೆಲಸ. 1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು, ಆದರೆ ದಾವೆ ಮುಗೀಲಿಲ್ಲ. 1931ರ ಜೂನ್‌ನಲ್ಲಿ ಮಹಾಡ್ ಕೋರ್ಟಿನ ತೀರ್ಪು ನಮ್ಮ ಕಡೆ ಬಂತು. ಅವರು ಠಾಣೆಗೆ ಮೇಲ್ಮನವಿ ಹೋದರು, 1933ರಲ್ಲಿ ಅಲ್ಲೂ ಸೋತರು. ಹೈಕೋರ್ಟಿಗೆ ಹೋದರು. ಈ ನಡುವೆ ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದಿದ್ದರು, ಪೂನಾ ಒಪ್ಪಂದ ಆಗಿತ್ತು, ಹಿಂದೂವಾಗಿ ಸಾಯೋದಿಲ್ಲ ಅಂತ ಯೇವಲಾದಲ್ಲಿ ಘೋಷಿಸಿಯೂ ಆಗಿತ್ತು. ಕೆರೆಯ ಕೇಸು ಮಾತ್ರ ತಾರೀಕಿಂದ ತಾರೀಕಿಗೆ ನಡೀತಾನೇ ಇತ್ತು. ಹೈಕೋರ್ಟಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧಿಗೆ ಆರು ವರ್ಷ ಶಿಕ್ಷೆ ಕೊಟ್ಟರಲ್ಲ, ಅದೇ ಬ್ರೂಮ್‌ಫೀಲ್ಡ್. ಕೆರೆ ಪುರಸಭೆಗೆ ಸೇರಿದ್ದು, ಅಸ್ಪೃಶ್ಯರನ್ನು ಹೊರಗಿಡುವ ಪದ್ಧತಿ ಅನಾದಿ ಕಾಲದಿಂದ ಇತ್ತು ಅಂತ ವಾದಿಗಳು ಸಾಬೀತು ಮಾಡಿಲ್ಲ, ಮೇಲ್ಮನವಿ ವಜಾ. ಅಷ್ಟೇ. ಸಮಾನತೆ ಬಗ್ಗೆ ಭಾಷಣ ಇಲ್ಲ. ಆಗ ಸಂವಿಧಾನ ಇರಲಿಲ್ಲ, 17ನೇ ವಿಧಿ ಇರಲಿಲ್ಲ, ಅಸ್ಪೃಶ್ಯತೆ ಅಪರಾಧವೇ ಆಗಿರಲಿಲ್ಲ. ಗೆದ್ದಿದ್ದು ಪುರಸಭೆಯ ದಾಖಲೆ, ಸಾಕ್ಷಿಯ ನಿಯಮ, ತಾಳ್ಮೆ.

ಇದನ್ನೆಲ್ಲ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ನನ್ನದೊಂದು ಲೆಕ್ಕ ಬಾಕಿ ಇದೆ. ಈ ಗೋಡೆ ಮೇಲೆ ಇದುವರೆಗೂ ಬರೆದಿರಲಿಲ್ಲ.

1994ರ ಬೇಸಿಗೆ. ನಾನಾಗ ಎರಡನೇ ಪಿಯುಸಿ ಪರೀಕ್ಷೆ ಬರೆದು ಊರಲ್ಲಿದ್ದೆ. ಕೇರಿಯ ಬೋರು ಕೆಟ್ಟಿತ್ತು. ನಮ್ಮ ಚಿಕ್ಕಪ್ಪ ಊರ ಒಳಗಿನ ಬೋರಿನ ಹತ್ತಿರ ಹೋಗಿ, ಅಲ್ಲಿದ್ದ ಬಿಂದಿಗೆ ಸರಿಸಿ ತನ್ನ ಬಿಂದಿಗೆ ಇಟ್ಟ. ಹೊಡೆದರು. ತಲೆ ಒಡೆದಿತ್ತು, ಬೈದ ಮಾತು ಇಲ್ಲಿ ಬರೆಯೋಲ್ಲ. ಸಂಜೆ ಹತ್ತಿಪ್ಪತ್ತು ಜನ ಠಾಣೆಗೆ ಹೋದೆವು. ಚಿಕ್ಕಪ್ಪ ನಡೆದಿದ್ದೆಲ್ಲ ಹೇಳಿದ, ರೈಟರ್ ಬರೆದುಕೊಂಡ. ಚಿಕ್ಕಪ್ಪನಿಗೆ ಓದೋಕೆ ಬರ್ತಿರಲಿಲ್ಲ. "ಏಯ್, ನೀನು ಓದಿದೀಯಲ್ಲ, ಬಾ ಇಲ್ಲಿ, ಸಾಕ್ಷಿ ಸೈನ್ ಹಾಕು" ಅಂತ ನನ್ನ ಕರೆದರು. ನಾನು ಓದಿದೆ. ಅದರಲ್ಲಿ ಬೋರು ಇರಲಿಲ್ಲ, ನೀರಿರಲಿಲ್ಲ, ಜಾತಿ ಇರಲಿಲ್ಲ. ಕುಡಿದ ಅಮಲಿನಲ್ಲಿ ಪರಸ್ಪರ ಮಾತಿಗೆ ಮಾತು ಬೆಳೆದು ಜಗಳ ಆಗಿದ್ದು, ಈಗ ರಾಜಿಯಾಗಿದ್ದು ಅಂತ ಇತ್ತು. ಚಿಕ್ಕಪ್ಪ ಕುಡೀತಾನೇ ಇರಲಿಲ್ಲ.

ನಾನು ಸೈನ್ ಹಾಕಿದೆ.

ಓದೋಕೆ ಬರದೆ ಹಾಕಿದ್ದಲ್ಲ. ಓದಿ, ಅರ್ಥ ಆಗಿ ಹಾಕಿದೆ. ಹಾಕಲ್ಲ ಅನ್ನಬಹುದು ಅಂತಲೇ ಗೊತ್ತಿರಲಿಲ್ಲ. ಅಟ್ರಾಸಿಟಿ ಕಾಯ್ದೆ 1989ರಲ್ಲೇ ಆಗಿತ್ತು, 1990ರ ಜನವರಿ 30ರಿಂದ ಜಾರಿಯಲ್ಲಿತ್ತು, ನಾಲ್ಕು ವರ್ಷ ಆಗಿತ್ತು. ಆ ಕಾಯ್ದೆಯೂ ಬೇಡ, ಹಳೇ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಲ್ಲೇ ಇತ್ತು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವನಿಗೆ ಓದಿ ಹೇಳಿ, ಸಹಿ ಹಾಕಿಸಿ, ಪ್ರತಿಯನ್ನು ಪುಕ್ಕಟೆ ಕೊಡಬೇಕು. ನನ್ನ ಹತ್ತಿರ ಪಿಯುಸಿ ಇತ್ತು, ದಸಂಸ ಶಿಬಿರದಲ್ಲಿ ಕಲಿತ ಹತ್ತಾರು ಹಾಡಿದ್ದವು, ಹೊಟ್ಟೆಯಲ್ಲಿ ಸಿಟ್ಟಿತ್ತು. ಈ ಒಂದು ಸಾಲು ಇರಲಿಲ್ಲ. ಶಿಬಿರಗಳನ್ನು ಹೀಗಳೆಯಲ್ಲ, ನಮ್ಮನ್ನು ಮನುಷ್ಯರು ಮಾಡಿದ್ದೇ ಅವು. ಆದರೆ ಠಾಣೆ ಒಳಗೆ ಕೂತಾಗ ಹಾಡು ಹೇಳೋಕಾಗಲ್ಲ.

ಚಿಕ್ಕಪ್ಪ ಆ ವಿಷಯ ಒಂದು ಸಲವೂ ನನ್ನ ಹತ್ತಿರ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ನನ್ನದು ಒಂದು ತಲೆ ಒಡೆದ ಕತೆ. 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ಇಡೀ ರಾಜ್ಯ ಕುದಿಯಿತು, ನಾವೆಲ್ಲ ಬೀದಿಗಿಳಿದೆವು. 2006ರ ಡಿಸೆಂಬರಿನಲ್ಲಿ ತೀರ್ಪು ಬಂತು, ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಕೊಂದವರು ಕಾಗದದಲ್ಲಿ ಯಾರೂ ಇರಲಿಲ್ಲ.

ಸಾಕ್ಷಿ ಹೇಳದೆ ಹೋದವರನ್ನು ಬೈಯುವುದು ಸುಲಭ. ಬೈದವರನ್ನೂ ನೋಡಿದ್ದೀನಿ. ಆದರೆ ಅವರು ದಿನಾ ಬೆಳಗಾದರೆ ಅದೇ ಊರಲ್ಲಿ, ಅದೇ ಜನರ ಹೊಲದ ಪಕ್ಕ ಬದುಕಬೇಕು. ಆರು ವರ್ಷ ಅವರ ಜೊತೆ ಯಾರಿದ್ದರು? ನಾವು ಮಾರ್ಚ್‌ನಲ್ಲಿ ಬೀದಿಯಲ್ಲಿದ್ದೆವು. ಅದಾದ ಮೇಲೆ ಪ್ರತಿ ತಾರೀಕಿಗೆ ಕೋರ್ಟಿನ ಜಗಲಿಯಲ್ಲಿ ಅವರ ಪಕ್ಕ ಕೂತವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಹೋಗಲಿಲ್ಲ. ಇದು ನನ್ನ ಎರಡನೇ ಲೆಕ್ಕ.

2015ರ ತಿದ್ದುಪಡಿಯಲ್ಲಿ ಬಂದ 15ಎ ಕಲಮನ್ನು ನಾನು ಮಕ್ಕಳಿಗೆ ಎರಡು ಇಡೀ ತರಗತಿ ಪಾಠ ಮಾಡೋದು ಅದಕ್ಕೇ. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ. ಕೋರ್ಟಿಗೆ ಬಂದುಹೋಗುವ ಖರ್ಚು ಕೊಡಬೇಕು. ಜಾಮೀನು ಅರ್ಜಿ ಸೇರಿ ಕೋರ್ಟಿನ ಯಾವುದೇ ಕಲಾಪ ಇದ್ದರೂ ಮುಂಚೆ ತಿಳಿಸಬೇಕು, ಜಾಮೀನು ಕೊಡುವ ಮುಂಚೆ ಅವರ ಮಾತೂ ಕೇಳಬೇಕು. ಇದು ಬರೀ ಶಿಷ್ಟಾಚಾರ ಅಲ್ಲ, ಕಡ್ಡಾಯ ಅಂತ 2021ರ ಅಕ್ಟೋಬರಿನಲ್ಲಿ ರಾಜಸ್ಥಾನದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿ, ಕೊಟ್ಟಿದ್ದ ಜಾಮೀನನ್ನು ರದ್ದು ಮಾಡಿತು. ಇನ್ನೊಂದು ಮಾತು ಅದರಲ್ಲಿದೆ. ಸಂತ್ರಸ್ತರು ವಕೀಲರ, ಸಾಮಾಜಿಕ ಕಾರ್ಯಕರ್ತರ, ಸಂಘಟನೆಗಳ ಸಹಾಯ ಪಡೆಯುವುದು ಅವರ ಹಕ್ಕು. "ನೀನ್ಯಾರಯ್ಯ, ಹೊರಗೆ ನಿಂತ್ಕೋ" ಅಂತ ಅಧಿಕಾರಿ ಅಂದಾಗ ನಮ್ಮ ಹುಡುಗಿ ಪುಸ್ತಕ ತೆಗೆದು ಈ ಉಪಕಲಮು ತೋರಿಸಬೇಕು.

ಆಮೇಲೆ 4ನೇ ಕಲಮು. ದೂರು ಓದಿ ಹೇಳದಿದ್ದರೆ, ಎಫ್‌ಐಆರ್ ಮಾಡದಿದ್ದರೆ, ಪ್ರತಿ ಕೊಡದಿದ್ದರೆ, ಬೇಕಂತಲೇ ಕರ್ತವ್ಯ ಬಿಟ್ಟ ಅಂತ ಎಸ್ಸಿ-ಎಸ್ಟಿ ಅಲ್ಲದ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು. ಇದನ್ನು ಓದುವಾಗ ಪ್ರತಿ ಸಲ ನನಗೆ ಆ ರೈಟರ್ ಮುಖ ನೆನಪಾಗ್ತದೆ.

2018ರಲ್ಲಿ ಏನಾಯ್ತು ನಿಮಗೆ ಗೊತ್ತೇ ಇದೆ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ, ಬಂಧನಕ್ಕೆ ಮೇಲಧಿಕಾರಿ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಮಾರ್ಚ್ 20ಕ್ಕೆ. ಹೌದು, ಮಹಾಡ್ ದಿನವೇ. ಏಪ್ರಿಲ್ 2ರ ಭಾರತ್ ಬಂದ್‌ನಲ್ಲಿ ನಮ್ಮವರು ಪ್ರಾಣ ಕೊಟ್ಟರು. ಆಗಸ್ಟಿನಲ್ಲಿ ಸಂಸತ್ತು 18ಎ ಸೇರಿಸಿತು, 2020ರ ಫೆಬ್ರವರಿಯಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೀದಿ ಇಲ್ಲದೆ ಆ ತಿದ್ದುಪಡಿ ಬರ್ತಿರಲಿಲ್ಲ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅವತ್ತು ನನ್ನ ಪಕ್ಕ ಘೋಷಣೆ ಕೂಗ್ತಿದ್ದ ಹುಡುಗನನ್ನು 18ನೇ ಕಲಮು ಏನು ಹೇಳ್ತದೆ ಅಂತ ಕೇಳಿದೆ. ಗೊತ್ತಿರಲಿಲ್ಲ. ನಿರೀಕ್ಷಣಾ ಜಾಮೀನು ಇಲ್ಲ ಅಂತ ಅಲ್ಲೇ ರಸ್ತೆ ಬದಿ ನಿಂತು ಹೇಳಿಕೊಟ್ಟೆ. ಈಗ ಅವನು ಎಲ್‌ಎಲ್‌ಬಿ ಮುಗಿಸಿದ್ದಾನೆ. ನನ್ನ ಜೊತೆ ತರಗತಿ ತಗೊಳ್ತಾನೆ, ನನಗಿಂತ ಚೆನ್ನಾಗಿ.

ಈ ಸಲ ಮಾರ್ಚ್ 20ರ ಕಾರ್ಯಕ್ರಮ ಎಂದಿನಂತೆ ಇದೆ. ಅದಕ್ಕೆ ಮೂರು ದಿನ ಮುಂಚೆ, 17ಕ್ಕೆ, ಹಾಸ್ಟೆಲ್ ಹಾಲ್‌ನಲ್ಲಿ ಬೆಳಗ್ಗೆ ಹತ್ತರಿಂದ ಇಡೀ ದಿನ ತರಗತಿ. ಭಾಷಣ ಇಲ್ಲ, ಹಾರ ಇಲ್ಲ. ದೂರು ಬರೆಯೋದು, ಬರೆದಿದ್ದನ್ನು ಓದಿಸಿ ಕೇಳೋದು, ತಪ್ಪಿದ್ದರೆ ಸಹಿ ಹಾಕಲ್ಲ ಅನ್ನೋದು. ಆ ಕೊನೆಯದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸ್ತೀವಿ, ಒಬ್ಬರು ಇನ್ಸ್‌ಪೆಕ್ಟರ್ ಆಗಿ ಗದರಬೇಕು, ಇನ್ನೊಬ್ಬರು ಹೆದರದೆ ಹೇಳಬೇಕು. ಪಿಯುಸಿ ಮಕ್ಕಳು ಬರಲೇಬೇಕು, ನಾನು ಆ ವಯಸ್ಸಿನವನೇ ಆಗಿದ್ದೆ. ನೋಟ್‌ಬುಕ್, ಪೆನ್ನು ತನ್ನಿ. ಮಧ್ಯಾಹ್ನ ಊಟ ಇದೆ.

ಜೈಭೀಮ್.