ಆರ್.ಇ. ಟೇಲರ್ ವಿದ್ಯಾರ್ಥಿ ಪೋಸ್ಟರ್ ಪ್ರಶಸ್ತಿ

ಭೌತ, ರಸಾಯನ ಮತ್ತು ಭೂವಿಜ್ಞಾನಗಳ ವಿಶ್ಲೇಷಣಾ ವಿಧಾನಗಳಿಂದ ಪುರಾತತ್ತ್ವದ ಪ್ರಶ್ನೆಗಳನ್ನು ಬಿಡಿಸುವ ವಿದ್ಯಾರ್ಥಿ ಸಂಶೋಧಕರಿಗೆ ಸೊಸೈಟಿ ಫಾರ್ ಆರ್ಕಿಯಲಾಜಿಕಲ್ ಸೈನ್ಸಸ್ ನೀಡುವ ಪುರಸ್ಕಾರ. ವಿದ್ವತ್ ಸಮ್ಮೇಳನಗಳಲ್ಲಿ ಪ್ರದರ್ಶಿಸುವ ಪೋಸ್ಟರುಗಳ ಆಧಾರದ ಮೇಲೆ ಆಯ್ಕೆ ನಡೆಯುತ್ತದೆ. ವಿದ್ಯಾರ್ಥಿಯೇ ಮೊದಲ ಲೇಖಕರಾಗಿರಬೇಕು.

ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ಆರ್. ಎರ್ವಿನ್ ಟೇಲರ್ ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಇಂಗಾಲ-14ರಿಂದ ಕಾಲ ಅಳೆಯುವ ವಿಧಾನವನ್ನು ರೂಪಿಸಿದ್ದಕ್ಕೆ ವಿಲರ್ಡ್ ಲಿಬ್ಬಿ 1960ರಲ್ಲಿ ನೊಬೆಲ್ ಪಡೆದರು. ಆ ವಿಧಾನವನ್ನು ಪುರಾತತ್ತ್ವಜ್ಞರ ಕೈಗೆ ಒಗ್ಗಿಸಿದವರಲ್ಲಿ ಟೇಲರ್ ಪ್ರಮುಖರು. ಮೂಳೆಯ ಕಾಲ ನಿರ್ಣಯ ಅವರ ವಿಶೇಷ ಆಸಕ್ತಿ. ಮಣ್ಣಿನಲ್ಲಿ ಹೂತ ಮೂಳೆಯ ಕೊಲಾಜೆನ್ ಎಂಬ ಪ್ರೋಟೀನ್ ಕ್ರಮೇಣ ಕರಗಿಹೋಗಿ, ಸುತ್ತಲಿನ ಹೊಸ ಇಂಗಾಲ ಅದರೊಳಗೆ ಸೇರಿಕೊಳ್ಳುತ್ತದೆ. ಶುದ್ಧೀಕರಣದಲ್ಲಿ ಎಡವಿದರೆ ಹಳೆಯ ಮೂಳೆಯೂ ಎಳೆಯದೆಂದೇ ಕಾಣುತ್ತದೆ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯಲ್ಲಿ ಸಿಕ್ಕ ಕೆನೆವಿಕ್ ಮಾನವನ ಮೂಳೆಯ ಮೊದಲ ಕಾಲ ನಿರ್ಣಯ ಟೇಲರ್ ಅವರದು. ಅದರ ಪ್ರಾಚೀನತೆ ಹೊರಬಿದ್ದದ್ದೇ ತಡ, ಅಸ್ಥಿ ಯಾರಿಗೆ ಸೇರಬೇಕೆಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಅವರ ‘ರೇಡಿಯೊಕಾರ್ಬನ್ ಡೇಟಿಂಗ್: ಆನ್ ಆರ್ಕಿಯಲಾಜಿಕಲ್ ಪರ್ಸ್‌ಪೆಕ್ಟಿವ್’ (1987) ಈ ವಿಷಯದ ಪ್ರಮಾಣ ಗ್ರಂಥ.

ತೀರ್ಪುಗಾರರು ಪುರಾತತ್ತ್ವ ಸಮಸ್ಯೆಯ ಮಹತ್ವ, ವಿಧಾನದ ಔಚಿತ್ಯ, ತೀರ್ಮಾನದ ಗಟ್ಟಿತನ, ಪೋಸ್ಟರಿನ ಗುಣಮಟ್ಟ ಹಾಗೂ ವಿದ್ಯಾರ್ಥಿಯ ಮೌಖಿಕ ವಿವರಣೆಯನ್ನು ತೂಗಿನೋಡುತ್ತಾರೆ. ಸಮಸ್ಯೆಗೆ ಇಲ್ಲಿ ಸಿಗುವ ಮನ್ನಣೆ ಉಚಿತವಾದದ್ದೇ. ಮಡಕೆ ಚೂರಿನಲ್ಲಿರುವ ಧಾತುಗಳನ್ನು ಕ್ಷ-ಕಿರಣ ಯಂತ್ರ ಕ್ಷಣದಲ್ಲಿ ಪಟ್ಟಿ ಮಾಡೀತು. ಆ ಮಡಕೆ ಸ್ಥಳೀಯವೋ ವ್ಯಾಪಾರದಿಂದ ಬಂದದ್ದೋ ಎಂದು ಕೇಳಬೇಕಾದವರು ಸಂಶೋಧಕರು. ಬಹುಮಾನದ ಮೊತ್ತ ಚಿಕ್ಕದು.