ಬರದ ಮಕ್ಕಳು, ಎರಡು ಸೆಂಟಿನ ಕಾಣಿಕೆ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ, ಮುಳಬಾಗಿಲು ಇನ್ನೇನು ಬಂತು ಎನ್ನುವ ಮೊದಲೇ ದೇವರಾಯಸಮುದ್ರ ಸಿಗುತ್ತದೆ. ಈ ಸೀಮೆಯ ಊರುಗಳ ಲಕ್ಷಣವೆಲ್ಲ ಅದಕ್ಕೂ ಇದೆ: ಗುಂಡುಕಲ್ಲಿನ ಬೆಟ್ಟ, ಮಳೆಯನ್ನೇ ನಂಬಿದ ಕೆರೆ, ರಾಗಿ ಹೊಲ, ಬೋರ್‌ವೆಲ್ ಬಂದ ಮೇಲೆ ಟೊಮೆಟೊ. ವರ್ಷವಿಡೀ ಹರಿಯುವ ಹೊಳೆ ಕೋಲಾರ ಜಿಲ್ಲೆಯಲ್ಲಿ ಎಲ್ಲೂ ಇಲ್ಲ. ಪಾಲಾರ್ ನಂದಿಬೆಟ್ಟದ ಕಡೆಯಿಂದ ಇಳಿದು ಜಿಲ್ಲೆಯನ್ನು ಹಾದುಹೋಗುತ್ತದೆ, ನಿಜ. ಆದರೆ ವರ್ಷದ ಬಹುಪಾಲು ಅದು ಬರೀ ಮರಳು. ಹಾಗಾಗಿ ಇಲ್ಲಿನವರು ಯಾವ ದೇವರಿಗೆ ಕೈಮುಗಿದರೂ ಮೊದಲು ಕೇಳಿಕೊಂಡಿದ್ದು ಮಳೆಯನ್ನು.

ದೇವರನ್ನು ಆಡುಮಾತಿನಲ್ಲಿ ಕರೆಯುವ ರೂಢಿಯೂ ಈ ನೆಲಕ್ಕೆ ಹಳೆಯದು. 15ನೇ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಸಂಸ್ಕೃತದ ಮಠದೊಳಗೆ ಕನ್ನಡದ ಹಾಡಿಗೆ ಜಾಗ ಮಾಡಿಕೊಟ್ಟರು. ರಂಗವಿಠಲ ಎಂಬ ಅಂಕಿತದ ಅವರ ಕೀರ್ತನೆಗಳಿಂದಲೇ ಹರಿದಾಸರ ಪರಂಪರೆ ಬಲವಾಯಿತು. ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿ ಅವರ ಬೃಂದಾವನಕ್ಕೆ ಇವತ್ತಿಗೂ ಜನ ಬರುತ್ತಾರೆ. ನಾಲ್ಕು ಶತಮಾನ ಕಳೆದ ಮೇಲೆ ಇದೇ ಸೀಮೆಯಲ್ಲಿ ಇನ್ನೊಂದು ಭಕ್ತಿ ಬೇರು ಬಿಟ್ಟಿತು. ಅದು ಹುಟ್ಟಿದ್ದು ಮಠದಲ್ಲೂ ಅಲ್ಲ, ಅರಮನೆಯಲ್ಲೂ ಅಲ್ಲ. ಹಸಿದ ಮಕ್ಕಳ ಪಂಕ್ತಿಯಲ್ಲಿ.

1875ರಲ್ಲೇ ಮಳೆ ಕೈಕೊಟ್ಟಿತ್ತು. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದಲ್ಲೂ ಬಿಡಲಿಲ್ಲ. ತೆಲುಗು ಮಾತಾಡುವ ಮನೆಗಳಲ್ಲಿ ಅದಕ್ಕೆ ‘ಧಾತ ಕರುವು’ ಎಂದೇ ಹೆಸರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನ. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ತಲೆ ಇಳಿದಿತ್ತು. ತೀರ ಪೆಟ್ಟು ತಿಂದ ಜಿಲ್ಲೆಗಳ ಸಾಲಿನಲ್ಲಿ ಕೋಲಾರವೂ ಇತ್ತು.

ವಿಚಿತ್ರವೆಂದರೆ, ರೈಲು ಇತ್ತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ಹಳಿ ಬಿದ್ದಿತ್ತು; ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ, ಟೇಕಲ್, ಮಾಲೂರು ಎಲ್ಲ ಅದೇ ದಾರಿಯಲ್ಲಿ. ಮದ್ರಾಸಿನ ಬಂದರಿನಲ್ಲಿ ಇಳಿದ ಅಕ್ಕಿ ನಿಲ್ದಾಣದವರೆಗೆ ಬರುತ್ತಿತ್ತು. ಅಲ್ಲಿಂದ ಹಳ್ಳಿಗೆ ಗಾಡಿ ಹೂಡಬೇಕಲ್ಲ? ಎತ್ತುಗಳಿಗೆ ಮೇವಿರಲಿಲ್ಲ. ಕೊಳ್ಳುವುದಕ್ಕೆ ಜನರ ಕೈಯಲ್ಲಿ ಕಾಸೂ ಇರಲಿಲ್ಲ. ನೆರೆಯ ಮದ್ರಾಸ್ ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆಗೆ ಇಳಿಸಿದ್ದ. ಇಷ್ಟರಲ್ಲಿ ದುಡಿಯುವ ಮೈ ಉಳಿಯುವುದಿಲ್ಲ ಎಂದು ಅದೇ ಸರ್ಕಾರದ ವೈದ್ಯಾಧಿಕಾರಿ ಕಾರ್ನಿಷ್ ಜಗಳಕ್ಕೇ ನಿಂತ. ಕಾಗದದ ಮೇಲೆ ಆ ವಾದ ನಡೆಯುತ್ತಿದ್ದಾಗ ಇತ್ತ ರಸ್ತೆ ಬದಿಯಲ್ಲಿ ಅಪ್ಪ ಅಮ್ಮ ಸತ್ತು ಮಕ್ಕಳು ಉಳಿಯುತ್ತಿದ್ದವು.

ಆ ಮಕ್ಕಳನ್ನು ಕೋಲಾರದಲ್ಲಿ ಒಳಗೆ ಕರೆದುಕೊಂಡವಳು ಮಿಸ್ ಆನ್‌ಸ್ಟೀ ಎಂಬ ಮಿಷನರಿ. ಅವಳ ಅನಾಥಾಲಯಕ್ಕೆ ನೂರಾರು ಮಕ್ಕಳು ಬಂದರು. ಬೆನ್ನಿಗೆ ದೊಡ್ಡ ಸೊಸೈಟಿಯಿಲ್ಲ, ತಿಂಗಳು ತಿಂಗಳು ಬರುವ ಹಣವಿಲ್ಲ. ಯಾರಾದರೂ ಮನಸ್ಸು ಮಾಡಿ ಕಳಿಸಿದ್ದರಲ್ಲಿ ನಡೆಯಬೇಕು. ಬಹಳ ದಿನ ಹಸಿದ ಮಗುವಿಗೆ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಿಸಿದರೆ ಆ ಊಟವೇ ಅದನ್ನು ಕೊಲ್ಲಬಹುದು. ತೆಳ್ಳನೆಯ ಗಂಜಿ, ಅಂಬಲಿ, ಸ್ವಲ್ಪ ಸ್ವಲ್ಪ, ಹಗಲೂ ರಾತ್ರಿ. ಕಜ್ಜಿ ತೊಳೆಯಬೇಕು, ಭೇದಿಯ ಬಟ್ಟೆ ಒಗೆಯಬೇಕು. ಬದುಕಿದವರಿಗೆ ಅಕ್ಷರ, ಕಸುಬು. ಮುಂದೆ ಮದುವೆ, ಸಂಸಾರ. ಬರ ಎರಡು ವರ್ಷದಲ್ಲಿ ಮುಗಿಯಬಹುದು, ಬರದಲ್ಲಿ ಸಿಕ್ಕ ಮಗುವನ್ನು ಸಾಕುವ ಕೆಲಸ ಹದಿನೈದು ವರ್ಷದ್ದು.

ಹೀಗೆ ಗೊತ್ತಾದ ಆದಾಯವಿಲ್ಲದೆ, ದೇವರು ಕೊಟ್ಟಾನು ಎಂಬ ಒಂದೇ ಭರವಸೆಯ ಮೇಲೆ ಮನೆ ನಡೆಸುವುದು ಆ ಕಾಲದ ಪ್ರೊಟೆಸ್ಟೆಂಟರಲ್ಲಿ ಒಂದು ಸಾಧನೆಯೇ ಆಗಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮುಲ್ಲರ್ 1836ರಲ್ಲಿ ಅನಾಥಾಲಯ ತೆರೆದಾಗ ಯಾರ ಮುಂದೆಯೂ ಕೈಚಾಚಬಾರದು, ಪ್ರಾರ್ಥನೆಯಲ್ಲಷ್ಟೇ ಕೇಳಬೇಕು ಎಂದು ಕಟ್ಟಳೆ ಮಾಡಿಕೊಂಡ. ಅವನ ಜೀವಮಾನದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಆ ಆಶ್ರಯದಲ್ಲಿ ಬೆಳೆದರು. ಅವನ ಚರಿತ್ರೆ ಓದಿ ಮನಸ್ಸು ಕದಲಿದವರಲ್ಲಿ ನಮ್ಮ ಕಡೆಯ ಒಬ್ಬ ಹೆಣ್ಣುಮಗಳೂ ಇದ್ದಳು: ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಪುರಾಣ ಹೇಳಿಕೊಂಡು ಊರೂರು ತಿರುಗುತ್ತಿದ್ದ ಆಕೆಯ ತಂದೆತಾಯಿ 1874ರ ಸುಮಾರಿಗೆ ಹಸಿವಿನಲ್ಲೇ ತೀರಿಕೊಂಡರು. 1883ರಲ್ಲಿ ಕ್ರೈಸ್ತಳಾದ ಆಕೆ, 1896ರ ನಂತರದ ಬರಗಳಲ್ಲಿ ನೂರಾರು ಹೆಣ್ಣುಮಕ್ಕಳನ್ನು ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದಳು. ಹಸಿವನ್ನು ಮೈಯಲ್ಲೇ ಕಂಡವಳಿಗೆ ದೇವರ ಪ್ರೀತಿ ಎಂದರೆ ಏನು ಎಂದು ಬೇರೆಯವರು ವಿವರಿಸಬೇಕಾಗಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಆಗಲೂ ಎದ್ದಿತ್ತು, ಈಗಲೂ ಏಳುತ್ತದೆ. ಹಸಿದ ಮಗುವಿಗೆ ಅನ್ನ ಕೊಟ್ಟು ದೀಕ್ಷಾಸ್ನಾನ ಮಾಡಿಸಿದರೆ ಅದು ಪ್ರೀತಿಯೋ, ವ್ಯಾಪಾರವೋ? ಐದು ವರ್ಷದ ಮಗು ತನ್ನ ಧರ್ಮವನ್ನು ತಾನೇ ಆರಿಸಿಕೊಂಡಿತು ಎಂದು ಯಾರೂ ಹೇಳಲಾರರು. ಗಂಜಿಗಾಗಿ ಬಂದವರು ಎಂಬ ಚುಚ್ಚುಮಾತನ್ನು ಇಂಥ ಮಕ್ಕಳು ದೊಡ್ಡವರಾದ ಮೇಲೂ ಕೇಳಬೇಕಾಯಿತು. ಮಿಷನ್ನಿನ ಉತ್ಸಾಹದಲ್ಲಿ ಲೆಕ್ಕ ಹಾಕುವ ಚಟ ಇತ್ತು ಎಂಬುದನ್ನು ಒಪ್ಪಲೇಬೇಕು. ವರದಿಗಳಲ್ಲಿ ಆತ್ಮಗಳನ್ನೂ ಎಣಿಸುತ್ತಿದ್ದರು. ಆದರೆ ಅದೇ ಮಗುವಿನ ಎದುರು ಆವತ್ತು ಇದ್ದ ಇನ್ನೊಂದು ದಾರಿ ಯಾವುದು ಎಂದೂ ಕೇಳಿಕೊಳ್ಳಬೇಕಾಗುತ್ತದೆ. ಇನ್ನೂ ಒಂದು ಮಾತು: ಆಸೆಗೆ ಬಂದವರು ಆಸೆ ತೀರಿದ ಮೇಲೆ ಹೋಗುತ್ತಾರೆ. ಕೋಲಾರದ ಕ್ರೈಸ್ತ ಸಮುದಾಯ ಬರ ಹೋದ ಮೇಲೂ ಉಳಿಯಿತು, ತಲೆಮಾರುಗಳನ್ನು ಕಂಡಿತು.

ಒಬ್ಬ ಹೆಂಗಸಿನ ಹೆಗಲಿಗೆ ಅಷ್ಟು ದೊಡ್ಡ ಸಂಸಾರ ಎಷ್ಟು ದಿನ? 1890ರಲ್ಲಿ ಮಿಸ್ ಆನ್‌ಸ್ಟೀ ಕೋಲಾರದ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದಳು. ಅವರು ಬೆಂಗಳೂರಿಗೆ ಹೊಸಬರೇನಲ್ಲ. ಬಾಲ್ಡ್‌ವಿನ್ ಶಾಲೆಗಳು ಶುರುವಾದದ್ದು 1880ರಲ್ಲಿ. ಹಣ ಕೊಟ್ಟವನು ಓಹಾಯೋದ ಜಾನ್ ಬಾಲ್ಡ್‌ವಿನ್. ಆದರೆ ಬೆಂಗಳೂರಿನ ಅವರ ಕೆಲಸ ಹೆಚ್ಚಾಗಿ ಇಂಗ್ಲಿಷ್ ಮಾತಾಡುವವರ ನಡುವೆ. ಕೋಲಾರ ಅವರನ್ನು ಕನ್ನಡದ, ತೆಲುಗಿನ, ರಾಗಿಮುದ್ದೆಯ ಲೋಕಕ್ಕೆ ಎಳೆದು ತಂದಿತು.

ಈ ಮಿಷನ್ನಿನ ಹೆಂಗಸರ ಶಾಖೆಯ ಕತೆ ಕೇಳುವಂಥದು. 1869ರ ಮಾರ್ಚ್‌ನಲ್ಲಿ ಬಾಸ್ಟನ್ ನಗರದ ಒಂದು ಚರ್ಚಿನಲ್ಲಿ, ಮಳೆ ಸುರಿಯುತ್ತಿದ್ದ ದಿನ, ಬೆರಳೆಣಿಕೆಯ ಹೆಂಗಸರು ಸೇರಿ ಒಂದು ಸಂಘ ಕಟ್ಟಿದರು. ಗಂಡಸರ ಮಿಷನ್ನಿನ ಖಜಾನೆ ಮುಟ್ಟದೆ ಹಣ ಕೂಡಿಸುವುದು ಹೇಗೆ? ಅವರು ಕಂಡುಕೊಂಡ ಉಪಾಯ: ಪ್ರತಿ ಸದಸ್ಯೆ ವಾರಕ್ಕೆ ಎರಡು ಸೆಂಟು ಕೊಡಬೇಕು, ಜೊತೆಗೆ ಒಂದು ಪ್ರಾರ್ಥನೆ ಮಾಡಬೇಕು. ಅಡುಗೆಮನೆಯಲ್ಲಿ ಒಂದು ಪುಟ್ಟ ಕಾಣಿಕೆ ಪೆಟ್ಟಿಗೆ. ತಿರುಪತಿ ಹುಂಡಿಗೆಂದು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿಡುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸೆಂಟಿನ ಈ ಲೆಕ್ಕದಲ್ಲೇ ಇಸಬೆಲ್ಲಾ ಥೋಬರ್ನ್ ಎಂಬ ಉಪಾಧ್ಯಾಯಿನಿ, ಕ್ಲಾರಾ ಸ್ವೇನ್ ಎಂಬ ವೈದ್ಯೆ 1870ರ ಜನವರಿಯಲ್ಲಿ ಹಡಗಿಳಿದು ಭಾರತಕ್ಕೆ ಬಂದರು. ಥೋಬರ್ನ್ ಲಖನೌದಲ್ಲಿ ಕಟ್ಟಿದ ಶಾಲೆ ಹೆಣ್ಣುಮಕ್ಕಳ ಕಾಲೇಜಾಯಿತು. ಸ್ವೇನ್‌ಗೆ ರಾಂಪುರದ ನವಾಬರು ಬರೇಲಿಯಲ್ಲಿ ಭೂಮಿ ಕೊಟ್ಟರು. 1874ರಲ್ಲಿ ಅಲ್ಲಿ ಹೆಂಗಸರ ಆಸ್ಪತ್ರೆ ಬಾಗಿಲು ತೆರೆಯಿತು. ಮುಸ್ಲಿಂ ನವಾಬರ ನೆಲ, ಅಮೆರಿಕದ ಗೃಹಿಣಿಯರ ಚಿಲ್ಲರೆ, ಹಿಂದೂ ಮುಸ್ಲಿಂ ಬಾಣಂತಿಯರು: ಧರ್ಮಶಾಸ್ತ್ರದ ಪಂಡಿತರು ಇದನ್ನು ಯಾವ ಅಧ್ಯಾಯದಲ್ಲಿ ಸೇರಿಸುತ್ತಾರೋ!

ಇಸಬೆಲ್ಲಾರ ಅಕ್ಕತಂಗಿಯರಲ್ಲಿ ಒಬ್ಬರು ಎಲೆನ್ ಥೋಬರ್ನ್ ಕೋವೆನ್. ಅವರ ನೆನಪಿಗೆ ಕೋಲಾರದಲ್ಲಿ 1910ರಲ್ಲಿ ಆಸ್ಪತ್ರೆಯಾಯಿತು. ಉದ್ದದ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ; ಇಟಿಸಿಎಂ ಎಂದರೆ ಸಾಕು, ಮಿಷನ್ ಆಸ್ಪತ್ರೆ ಎಂದರೂ ಆಟೊದವರಿಗೆ ಗೊತ್ತು. ಮೊದಲಿಗೆ ಅದು ಹೆಂಗಸರು ಮಕ್ಕಳಿಗೆ. ಗಂಡಸು ಡಾಕ್ಟರು ಮೈ ಮುಟ್ಟುವುದಕ್ಕಿಂತ ಸಾಯುವುದೇ ಮೇಲು ಎನ್ನುತ್ತಿದ್ದ ಕಾಲ. ಹೆರಿಗೆ ಎಂದರೆ ಮನೆಯ ಕತ್ತಲೆ ಕೋಣೆ, ಸೂಲಗಿತ್ತಿ, ಆಮೇಲೆ ದೇವರಿಟ್ಟಂತೆ. ಕಷ್ಟದ ಹೆರಿಗೆಯಾದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಿಂದ ಎತ್ತಿನ ಗಾಡಿಯಲ್ಲಿ ಕೋಲಾರ ತಲುಪುವುದೇ ಒಂದು ಸಾಹಸ.

ಆಸ್ಪತ್ರೆಯ ಜೊತೆಯಲ್ಲೇ ದಾದಿಯರ ತರಬೇತಿಯೂ ಬೆಳೆಯಿತು. ಕೋಲಾರದ ಕ್ರೈಸ್ತ ಜೀವನದ ತಿರುಳು ಇರುವುದು ಇಲ್ಲಿ ಎಂದು ಧೈರ್ಯವಾಗಿ ಹೇಳಬಹುದು. ಹುಣ್ಣು ತೊಳೆಯುವುದು, ಹೊಲಸು ಬಳಿಯುವುದು, ಪರಜಾತಿಯವರ ರಕ್ತ ಮುಟ್ಟುವುದು: ಸಮಾಜ ಕೀಳೆಂದು ಕೆಳಗಿನವರ ತಲೆಗೆ ಕಟ್ಟಿದ್ದ ಕೆಲಸವದು. ಅದೇ ಕೆಲಸ ಇಲ್ಲಿ ಬಿಳಿ ಸಮವಸ್ತ್ರ ತೊಟ್ಟು, ಪರೀಕ್ಷೆ ಬರೆದು, ಬೆಳಗಿನ ಪ್ರಾರ್ಥನೆ ಮುಗಿಸಿ ಮಾಡುವ ಉದ್ಯೋಗವಾಯಿತು. ಗಾಯ ಕಟ್ಟುವ ಕೈಯಲ್ಲೇ ದೇವರ ಸನ್ನಿಧಿ ಎಂದು ಉಪದೇಶಿಗಳು ಹೇಳುತ್ತಿದ್ದರು. ಆ ಮಾತು ಸುಂದರವೇ. ಆದರೆ ರಾತ್ರಿ ಪಾಳಿಯ ದಾದಿಗೆ ಆ ಮಾತಿಗಿಂತ ತಿಂಗಳ ಸಂಬಳ, ಅದು ತಂದ ತಲೆಯೆತ್ತಿ ನಡೆಯುವ ಧೈರ್ಯ ಹೆಚ್ಚು ನಿಜವಾಗಿತ್ತು ಎಂದರೆ ಭಕ್ತಿಗೆ ಕುಂದಿಲ್ಲ.

ಮೂವತ್ತು ಕಿಲೋಮೀಟರಿನಾಚೆ ಕೋಲಾರ ಚಿನ್ನದ ಗಣಿಯಲ್ಲಿ ಇದೇ ಧರ್ಮದ ಬದುಕು ಬೇರೆಯೇ. ಅಲ್ಲಿನ ಕ್ರೈಸ್ತರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಕೂಲಿಗೆ ಬಂದವರು, ತಮ್ಮ ದೇವಮಾತೆಯನ್ನೂ ಹಬ್ಬಗಳನ್ನೂ ಜೊತೆಗೇ ತಂದವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದ ಮೇಲೆ ಗಣಿ ಇನ್ನೂ ಆಳಕ್ಕಿಳಿಯಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಕೊನೆಗೆ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಹೋಯಿತು. ಬಂಡೆ ಸಿಡಿದರೆ ಮೇಲೆ ಬರುವ ಖಾತ್ರಿಯಿಲ್ಲದ ಕೆಲಸ. ಕೆಳಗಿಳಿಯುವ ಮುನ್ನ ಶಿಲುಬೆ ಗುರುತು ಹಾಕಿಕೊಳ್ಳುವುದಕ್ಕೆ ಯಾವ ಬೋಧನೆಯೂ ಬೇಕಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಚರ್ಚುಗಳು ಮುಚ್ಚಲಿಲ್ಲ.

ಕೋಲಾರದ ಸಭೆಗಳ ಮೇಲಿನ ಬೋರ್ಡಿನಲ್ಲೂ ಚರಿತ್ರೆಯಿದೆ. 1947ರ ಸೆಪ್ಟೆಂಬರ್ 27ರಂದು ಹಲವು ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆದಾಗ ಮೈಸೂರು ತುಮಕೂರಿನ ವೆಸ್ಲಿಯನ್ ಸಭೆಗಳು ಅದರೊಳಗೆ ಹೋದವು. ಅಮೆರಿಕದ ಸಂಬಂಧದ ಕೋಲಾರದವರು ಹೊರಗೇ ಉಳಿದರು; 1981ರಲ್ಲಿ ಅವರದು ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂದು ಸ್ವತಂತ್ರವಾಯಿತು. ಮನೆಯೊಳಗಿನ ಆಚರಣೆಗೆ ಈ ಬೋರ್ಡುಗಳಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ರಾತ್ರಿ ಊಟಕ್ಕೆ ಮೊದಲೋ ಆಮೇಲೋ ಕುಟುಂಬ ಪ್ರಾರ್ಥನೆ: ಒಂದು ಹಾಡು, ಬೈಬಲಿನ ಒಂದು ಭಾಗ, ಮನೆಯ ಹಿರಿಯರ ಪ್ರಾರ್ಥನೆ. ಬೈಬಲ್ ಕನ್ನಡಕ್ಕೆ ಪೂರ್ತಿಯಾಗಿ ಬಂದದ್ದು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ, 1831ರ ಹೊತ್ತಿಗೆ. ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಬಹುದು ಎಂದು ಮಿಷನರಿ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ತೋರಿಸಿದ್ದರು. ಶ್ರೀಪಾದರಾಜರ ಸೀಮೆಯಲ್ಲಿ ರಾಗ ತಾಳದ ಕ್ರೈಸ್ತ ಕೀರ್ತನೆ ಯಾರ ಕಿವಿಗೂ ಹೊಸದೆನಿಸಲಿಕ್ಕಿಲ್ಲ. ಪ್ರಾರ್ಥನೆಯ ಪಟ್ಟಿಯಂತೂ ಪಕ್ಕದ ಮನೆಯವರದೇ: ಮಳೆ, ಮಗನ ಕೆಲಸ, ಮಗಳ ಹೆರಿಗೆ, ಸಾಲ, ಬೋರ್‌ವೆಲ್‌ನಲ್ಲಿ ನೀರು. ಆ ದಿನದ ಊಟವನ್ನು ಆ ದಿನಕ್ಕೆ ಕೊಡು ಎಂದು ಕೇಳುವುದನ್ನು ಯೇಸು ತನ್ನ ಶಿಷ್ಯರಿಗೆ ಕಲಿಸಿದ್ದ. ಬರದಲ್ಲಿ ಸಿಕ್ಕ ಮಕ್ಕಳ ಮೊಮ್ಮಕ್ಕಳು ಅದನ್ನು ಬಾಯಿಪಾಠ ಹೇಳುವಾಗ ಅದರಲ್ಲಿ ಅಲಂಕಾರ ಹುಡುಕುವ ಅಗತ್ಯವಿಲ್ಲ.

ವರ್ಷಕ್ಕೊಮ್ಮೆ ಈ ಪ್ರಾರ್ಥನೆಗೆ ಸದ್ದುಗದ್ದಲದ ರೂಪ ಬರುತ್ತದೆ. ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸುಗ್ಗಿಯ ಆರಾಧನೆ ಎಂದರೆ ಬೆಳೆದದ್ದರಲ್ಲಿ ಮೊದಲ ಪಾಲು ತಂದು ವೇದಿಕೆಯ ಮುಂದಿಡುವುದು: ರಾಗಿ ತೆನೆ, ಅವರೆಕಾಯಿ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ. ಹೊಲವಿಲ್ಲದವರು ಅಂಗಡಿಯಿಂದ ಅಕ್ಕಿ, ಮನೆಯಿಂದ ಕೇಕು. ಪ್ರಸಂಗ ಮುಗಿಯುತ್ತಲೇ ಅಂಗಳದಲ್ಲಿ ಹರಾಜು. ನೂರು ರೂಪಾಯಿಯ ಕುಂಬಳಕಾಯಿ ಸಾವಿರಕ್ಕೆ ಏರುವುದುಂಟು, ಕೊಂಡವರೇ ಅದನ್ನು ಮತ್ತೆ ಹರಾಜಿಗೆ ಬಿಡುವುದೂ ಉಂಟು. ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದವರೂ ಕೋಳಿಯ ಸರದಿ ಬರುವಾಗ ಮುಂದಿನ ಸಾಲಿಗೆ ಬಂದಿರುತ್ತಾರೆ. ಬಂದ ಹಣ ಚರ್ಚಿನ ಸುಣ್ಣ ಬಣ್ಣಕ್ಕೆ, ಬಡ ಮಕ್ಕಳ ಶಾಲೆ ಫೀಸಿಗೆ ಹೋಗುತ್ತದೆ. ಕೂಗುವವನು ಮೂರನೇ ಸಲ ಕೂಗುವಷ್ಟರಲ್ಲಿ ಹಿಂದಿನಿಂದ ಯಾರೋ ಇನ್ನೂ ಐವತ್ತು ರೂಪಾಯಿ ಸೇರಿಸಿ ಹೇಳುತ್ತಾರೆ.